ಎರಡನೇ ರೆಕಾರ್ಡಿನ ದನಿ

ಸನ್ಮಾನ ಸಮಾರಂಭದ ಅಧ್ಯಕ್ಷರಾದ ಪಾದ್ರಿ ಟ್ಯಾಲಿಯವರೇ, ನಗರಸಭೆಯಿಂದ ಬಂದಿರುವ ಅತಿಥಿಗಳೇ, ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತು ನನ್ನನ್ನೇ ಗುರಾಯಿಸುತ್ತಿರುವ ಇಂದಿನ ಸನ್ಮಾನಿತೆ ವರ್ನಾ ಗ್ಯಾಡಿಸ್, ಹಾಗೂ ಡೆಟ್ರಾಯಿಟಿನ ಪೂರ್ವ ಭಾಗದ ನನ್ನ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹಿಂದಿನ ಅಡುಗೆಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿರುವುದರಿಂದ ಅಷ್ಟರಲ್ಲೇ ಮುಗಿಸುವ ಆಸೆ ನನಗೂ ಇದೆ. ಆದರೆ ಬಾಗಿಲಲ್ಲಿ ನನ್ನ ಕೈಗೆ ಈ ಸ್ಮರಣ ಸಂಚಿಕೆ ಕೊಟ್ಟರು ನೋಡಿ, ಅದನ್ನು ಓದಿದಾಗಿನಿಂದ ನನ್ನ ಮೈ ಉರಿಯುತ್ತಿದೆ. 'ಒಂದೇ ಹಾಡಿನ ತಾರೆ' ಎಂದು ಬರೆದಿದ್ದೀರಿ. 'ಎರಡನೇ ಹಾಡಿನ ಹೊತ್ತಿಗೆ ದನಿ ಸೋತಿತ್ತು' ಎಂದೂ ಬರೆದಿದ್ದೀರಿ. ಯಾರ ದನಿ ಸೋತಿತ್ತು, ಸ್ವಾಮಿ? ಬರೆದವರು ಆ ದನಿಯನ್ನು ಹತ್ತಿರದಿಂದ ಕೇಳಿದ್ದರೇ?

ನಾನು ಕೇಳಿದ್ದೇನೆ. ಎಪ್ಪತ್ಮೂರರಲ್ಲಿ ನಾನೂ ವರ್ನಾಳೂ ಒಂದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದೆವು. ಯಂತ್ರಗಳ ಸದ್ದಿನಲ್ಲಿ ನಾವು ಕಿರುಚಿ ಮಾತನಾಡಬೇಕಿತ್ತು. ವರ್ನಾ ಮಾತ್ರ ಮೆಲ್ಲಗೆ ಹಾಡಿದರೂ ಕೊನೆಯ ಮೇಜಿನವರೆಗೆ ಕೇಳುತ್ತಿತ್ತು. ಮರುವರ್ಷ ಅವಳು ತಾನೇ ಬರೆದ 'ಬೆಳಕಿರುವಾಗಲೇ ಬಾ' ಹಾಡನ್ನು ಸ್ಟ್ಯಾಕ್ಲಿ ಎಂಬ ನಿರ್ಮಾಪಕ ರೆಕಾರ್ಡ್ ಮಾಡಿಸಿದ. ಹಿಂದೆ ನಿಂತು 'ಬಾ, ಬಾ' ಎಂದು ದನಿಗೂಡಿಸಿದವಳು ನಾನು. ನನ್ನ ಸಂಗೀತ ಸಾಧನೆ ಅಷ್ಟೇ. ಆ ಬೇಸಿಗೆಯಲ್ಲಿ ಈ ಊರಿನ ಯಾವ ಕಾರಿನ ಕಿಟಕಿಯಿಂದ ಆ ಹಾಡು ಕೇಳಿಬರಲಿಲ್ಲ? ನಿಮ್ಮಲ್ಲಿ ಎಷ್ಟು ಜನ ಆ ಹಾಡಿಗೆ ಕುಣಿದು ಮದುವೆಯಾಗಿಲ್ಲ? ಆ ಮದುವೆಗಳಲ್ಲಿ ಎಷ್ಟು ಉಳಿದಿವೆ ಎಂದು ನಾನು ಕೇಳುವುದಿಲ್ಲ.

ಮುಂದಿನ ವರ್ಷ ಸ್ಟ್ಯಾಕ್ಲಿ ಇನ್ನೊಂದು ಹಾಡು ಕೇಳಿದ. ವರ್ನಾ ಒಂಬತ್ತು ಹಾಡು ಬರೆದು ತಂದಳು. ಕೇಳಿಸಿಕೊಳ್ಳಿ, ಒಂಬತ್ತು. ಅವನು ಒಂದನ್ನೂ ಪೂರ್ತಿ ಕೇಳಲಿಲ್ಲ. ಅದೇ ಧಾಟಿ ಇರಲಿ, ಮಾತು ಮಾತ್ರ ಬದಲಿಸು ಎಂದ. ವರ್ನಾ ಹೇಳಿದ್ದು ನನಗೆ ಈಗಲೂ ನೆನಪಿದೆ. "ಅದನ್ನ ಆಗ್ಲೇ ಹಾಡಿದೀನಿ. ಜನ ಏನು ಕಿವುಡ್ರಾ?"

ಅವಳು ಮೊದಲೇ ಸಹಿ ಹಾಕಿದ್ದ ಒಪ್ಪಂದದ ಕಾಗದವನ್ನು ಅವನು ತೋರಿಸಿದ. ಐದು ವರ್ಷ ಅವಳು ಬೇರೆ ಯಾರಿಗೂ ಹಾಡುವಂತಿರಲಿಲ್ಲ. ಅವಳು ಕಾಗದವನ್ನು ಮಡಿಸಿ ಅವನ ಮೇಜಿನ ಮೇಲಿಟ್ಟು ಲಾಂಡ್ರಿಗೆ ಮರಳಿದಳು. ನಾನು ಅವಳ ಕೈ ಹಿಡಿದು, "ನೀನಿಲ್ದೆ ಅವನಿಗೆ ನಾನೂ ಹಾಡಲ್ಲ ಕಣೇ" ಎಂದೆ.

ಇಂಥ ಹೆಣ್ಣಿನ ದನಿ ಸೋತಿತ್ತು ಎನ್ನುತ್ತೀರಾ? ಎಪ್ಪತ್ತಾರರ ಆ ಎರಡನೇ ರೆಕಾರ್ಡ್ ಕೆಟ್ಟದಾಗಿತ್ತು, ಒಪ್ಪುತ್ತೇನೆ. ಧಾಟಿ ಹಳಸಲು, ಮಾತು ಪೊಳ್ಳು. ಸಾಲದ್ದಕ್ಕೆ ಆ ದಿನ ನನಗೆ ಶೀತವಾಗಿ ಗಂಟಲು ಕಟ್ಟಿತ್ತು.

ಹೌದು, ನನಗೆ ಎಂದೇ ಹೇಳಿದೆ. ನೀವು ಸರಿಯಾಗಿಯೇ ಕೇಳಿಸಿಕೊಂಡಿರಿ.

ಪಾದ್ರಿಗಳೇ, ಗಡಿಯಾರ ನೋಡಬೇಡಿ. ಇಷ್ಟು ಬಾಯಿಬಿಟ್ಟ ಮೇಲೆ ನಾನು ಇಳಿಯುವುದಿಲ್ಲ.

ಸ್ಟ್ಯಾಕ್ಲಿ ನನ್ನನ್ನು ಕರೆದ, ನಾನು ಹೋದೆ. ಇಷ್ಟು ದಿನ ಹಿಂದೆ ನಿಂತಿದ್ದೀಯ, ಈಗ ಮುಂದೆ ಬಾ ಎಂದ. ಇಪ್ಪತ್ನಾಲ್ಕು ವರ್ಷದ ಯಾವ ಹುಡುಗಿಗೆ ಆ ಮಾತು ಕೇಳಲು ಇಷ್ಟವಿರುವುದಿಲ್ಲ? ರೆಕಾರ್ಡಿನ ಮೇಲೆ ನನ್ನ ಹೆಸರು ಬರುತ್ತದೆಂದು ನಂಬಿದ್ದೆ. ಅಂಗಡಿಯಲ್ಲಿ ನೋಡಿದರೆ ಅವಳ ಹೆಸರು, ಅವಳ ಫೋಟೊ, ಒಳಗೆ ನನ್ನ ದನಿ. ರೇಡಿಯೊದವರು ಎರಡು ವಾರ ಹಾಕಿ ನಿಲ್ಲಿಸಿದರು. ವರ್ನಾಳ ಕತೆ ಮುಗಿಯಿತು ಎಂದು ಊರೇ ಹೇಳಿತು. ಐದು ವರ್ಷ ಕಳೆದು ಅವಳು ಒಪ್ಪಂದದಿಂದ ಬಿಡುಗಡೆಯಾದಾಗ ಅವಳಿಗೆ ಬಾಗಿಲು ತೆರೆಯುವವರು ಯಾರೂ ಉಳಿದಿರಲಿಲ್ಲ.

ಊರಿನ ಮಾತು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಸ್ಟ್ಯಾಕ್ಲಿಯನ್ನು ಬಯ್ಯುವುದು ಸುಲಭ, ನಲವತ್ತೆಂಟು ವರ್ಷ ಬೈದಿದ್ದೇನೆ. ಬೈಗುಳದ ಅರ್ಧ ಪಾಲು ನನಗೆ ಸೇರಬೇಕಿತ್ತು.

ಅವಳಿಗೆ ತಿಳಿಯಲಿಲ್ಲವೆಂದುಕೊಂಡಿರಾ? ರೆಕಾರ್ಡ್ ಬಂದ ವಾರವೇ ನನ್ನ ಅಡುಗೆಮನೆಗೆ ಬಂದು ಕುರ್ಚಿ ಎಳೆದು ಕೂತಳು. "ಎರಡನೇ ಸಾಲಲ್ಲಿ ಉಸಿರು ತಪ್ಪಾದ ಕಡೆ ತಗೊಂಡಿದೀಯ" ಎಂದಳು. ನಾನು ಅಳತೊಡಗಿದೆ. ನಿಜ ಎಲ್ಲರಿಗೂ ಹೇಳುತ್ತೇನೆ ಎಂದೆ. ಅವಳು, "ಬೇಡ ಕಾರ್ಲಿಸ್. ಹೇಳಿದ್ರೆ ನಿನ್ ಹೆಸ್ರೂ ಹಾಳಾಗುತ್ತೆ. ನಂದೊಂದೇ ಸಾಕು" ಎಂದು ಕಾಫಿ ಕೇಳಿದಳು.

ಆಮೇಲೆ ಇಪ್ಪತ್ತಾರು ವರ್ಷ ನಗರದ ಬಸ್ ಓಡಿಸಿದಳು. ಭಾನುವಾರಗಳಲ್ಲಿ ಇದೇ ಚರ್ಚಿನ ಗಾಯಕವೃಂದಕ್ಕೆ ಕಲಿಸಿದಳು. ನಿಮ್ಮ ಮಕ್ಕಳು ಹಾಡುವ ಆ ಒಂಬತ್ತು ಹಾಡು ಯಾರು ಬರೆದದ್ದೆಂದು ನೀವು ಒಬ್ಬರಾದರೂ ವಿಚಾರಿಸಿದ್ದೀರಾ? ಹಳೆಯ ಕಾಲದವು ಎಂದುಕೊಂಡಿರಿ. ಹಾಡು ಹತ್ತು ಇದ್ದವು. ಕೇಳುವ ಕಿವಿ ಇದ್ದದ್ದು ಒಂದಕ್ಕೆ ಮಾತ್ರ.

ಹೋದ ವಾರ ಇವಳಿಗೆ ಫೋನ್ ಮಾಡಿ, ನನಗೆ ಭಾಷಣ ಮಾಡಲು ಹೇಳಿದ್ದಾರೆ ಎಂದೆ. ಏನು ಬೇಕಾದರೂ ಮಾತಾಡು, ಆ ರೆಕಾರ್ಡಿನ ಸುದ್ದಿ ಮಾತ್ರ ಎತ್ತಬೇಡ ಎಂದಳು. ನಾನು ಆಗಲಿ ಎಂದು ಮಾತು ಕೊಟ್ಟೆ.

ವರ್ನಾ, ನಿನಗೆ ಕೊಟ್ಟ ಮಾತನ್ನು ನಾನು ಮುರಿಯುತ್ತಿರುವುದು ಇದು ಎರಡನೇ ಸಲ. ಮೊದಲನೆಯದಕ್ಕೆ ಈ ಸಭೆಯ ಎದುರು ಕ್ಷಮೆ ಕೇಳುತ್ತೇನೆ. ಇವತ್ತಿನದಕ್ಕೆ ಕೇಳುವುದಿಲ್ಲ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.