ಶರಬತ್ತಿನ ಹಾಡಿನ ಹೊತ್ತಿಗೆ

ಸ್ತ್ರಾ... ಸ್ತ್ರಾಷಿ... ಥೂ, ನಾಲಿಗೆ ತುದೀಲೇ ಇದೆ! ಮೂವತ್ತು ವರ್ಷ ಈ ವಿಯೆನ್ನಾದಲ್ಲಿದ್ದು ನೇಪಲ್ಸಿನ ಮಾತೇ ಮರೆತುಹೋಯ್ತು ನೋಡು. ಅದೇ ಕಣೇ ತೆಕ್ಲಾ, ರಾಣಿಯರ ಉಡುಪಿಗೆ ಹಿಂದೆ ನೆಲದ ಮೇಲೆ ಎಳಕೊಂಡು ಬರುತ್ತಲ್ಲ, ಆರು ಮೊಳದ್ದು... ಹೂಂ, ಸೆರಗು ಅಂತಲೇ ಬರಿ. ವಕೀಲರಿಗೆ ಅರ್ಥವಾದರೆ ಸಾಕು.

ಎಲ್ಲೀತನಕ ಬಂತು? ಓದು... 'ನಾಟಕಶಾಲೆಯಲ್ಲಿ ಉಡುಪು ತೊಡಿಸುತ್ತಿದ್ದ ಓರ್ಸೊಲ ಎಂಬ ನಾನು...' ಸರಿ. ದೀಪದ ಆಳು ಗೌದಿಯೋಸೊ ವಿಷಯಕ್ಕೆ ಬರ್ತೀನಿ, ಅವಸರ ಯಾಕೆ? ಮೂವತ್ತು ವರ್ಷದಿಂದ ಸೆರೆಮನೇಲಿ ಇರೋನು. ನಾನು ಸಾಕ್ಷಿ ಬದಲಿಸಿದರೆ ದೊರೆ ಹೆಸರಿನ ಸಂತನ ಹಬ್ಬಕ್ಕೆ ಬಿಟ್ಟುಬಿಡ್ತಾರಂತೆ! ಬದಲಿಸೋಕೆ ಅದೇನು ರವಿಕೆಯೇ?

ಅವತ್ತೂ ಅದೇ ಹಬ್ಬ. ಒಪೆರಾ ಅಗಸ್ಟಸ್ ಚಕ್ರವರ್ತೀದು. ಸಿನ್ನಾ ಅನ್ನೋನು ಅವನನ್ನ ಕೊಲ್ಲೋಕೆ ಸಂಚು ಮಾಡಿ ಸಿಕ್ಕಿಬೀಳ್ತಾನೆ, ಕೊನೇಲಿ ಚಕ್ರವರ್ತಿ ಕ್ಷಮಿಸ್ತಾನೆ. ಕ್ಷಮಿಸಲೇಬೇಕು, ಎದುರಿಗೆ ದೊರೆ ಕೂತಿರ್ತಾನಲ್ಲ! ಯಾಕೆ ನಗ್ತೀಯ? ರೋಮಿನ ಚಕ್ರವರ್ತಿ ತಲೆಗೆ ಮೊಳದುದ್ದ ಪುಕ್ಕ, ಕಾಲಿಗೆ ಎತ್ತರದ ಹಿಮ್ಮಡಿ... ನಾನೇ ತೊಡಿಸ್ತಿದ್ದೆ. ನಗು, ನಗು.

ಹಾಡೋ ಹುಡುಗಿ ಎರ್ಸಿಲಿಯಾದು ಸಿನ್ನಾನ ತಂಗಿ ಪಾತ್ರ. ಹತ್ತೊಂಬತ್ತು ವರ್ಷ. ಅವಳದ್ದು ಶರಬತ್ತಿನ ಹಾಡು. ಅಂದ್ರೆ... ಚಿಕ್ಕ ಪಾತ್ರದೋರು ಹಾಡೋವಾಗ ಜನ ಎದ್ದುಹೋಗಿ ಬೆಟ್ಟದ ಹಿಮ ಹಾಕಿದ ನಿಂಬೆ ಶರಬತ್ತು ಕುಡೀತಿದ್ರು. ಅದೇ ರೂಢಿ. ಪಾಪ, ಖಾಲಿ ಬೆಂಚುಗಳಿಗೆ ಹಾಡ್ತಿದ್ಲು. 'ಓರ್ಸೊಲಕ್ಕಾ, ನೀನಾದ್ರೂ ಕೇಳು' ಅಂತಿದ್ಲು. ಕೇಳ್ತಿದ್ದೆ. ಪರದೆ ಮರೇಲಿ ಕೂತು ಸೆರಗಿನ ತುದಿ ಹಿಡಿದಿರಬೇಕಿತ್ತಲ್ಲ, ಪಕ್ಕದ ಎಣ್ಣೆ ದೀಪಕ್ಕೆ ತಾಗದ ಹಾಗೆ. ಅದು ನನ್ನ ಕೆಲಸ.

ಈಗ ಬರಿ: 'ಗೌದಿಯೋಸೊ ಕುಡಿದಿದ್ದ. ಅವಳ ಮೇಲೆ ಅವನಿಗೆ ಸಿಟ್ಟಿತ್ತು. ದೀಪವನ್ನು ಸೆರಗಿನ ಕಡೆಗೆ ಕಾಲಿನಿಂದ ನೂಕಿದ್ದನ್ನು ಕಣ್ಣಾರೆ ಕಂಡೆ.' ಬರೆದೆಯಾ? ಅವತ್ತೂ ಶಿಲುಬೆ ಮುಟ್ಟಿ ಇದನ್ನೇ ಹೇಳಿದ್ದೆ. ತೆಳು ಬಟ್ಟೆ ಕಣೇ... ಭಗ್ ಅಂತ ಹತ್ಕೊಂಡಿತು. ವಾದ್ಯದೋರು ಮೊದಲು ಅದೂ ಆಟದ್ದೇ ಅಂದ್ಕೊಂಡ್ರಂತೆ! ಅವಳು ನನ್ನ ಹೆಸರೇ ಕೂಗ್ತಿದ್ಲು. ಆ ಜನರನ್ನ ತಳ್ಕೊಂಡು, ಮೆಟ್ಟಿಲು ಹತ್ತಿ ನಾನು ಓಡಿ ಬರೋಷ್ಟರಲ್ಲಿ...

ಯಾಕೇ ನಿಲ್ಲಿಸಿದೆ?

ಮೆಟ್ಟಿಲಾ? ಅದು... ಪಕ್ಕದಲ್ಲೇ ಒಂದು ಇತ್ತು. ನೀನೇನು ಕಂಡಿದ್ದೀಯ ಮಹಾ! ನ್ಯಾಯಾಧೀಶನ ಹಾಗೆ ನೋಡಬೇಡ. ಬರಿ... ತೆಕ್ಲಾ, ಬರಿ ಅಂದೆ.

ಲೇಖನಿ ಯಾಕೇ ಕೆಳಗಿಟ್ಟೆ?

...ದೀಪಗಳ ಸೆಕೆ. ಗಂಟಲು ಒಣಗಿತ್ತು. ಯಾರೂ ನೋಡೋ ಹಾಡಲ್ಲ ಅದು, ದಿನಾ ಕೇಳಿದ್ದೇ. ಎರಡು ಗುಟುಕು ಕುಡಿದು ಬರೋಣ ಅಂತ... ಸೆರಗನ್ನ ಒಂದು ಮೊಳೆಗೆ ಸಿಕ್ಕಿಸಿ ಇಳಿದು ಹೋದೆ. ಅವಳು ತಿರುಗಿದಾಗ ಬಿಟ್ಕೊಂಡಿರಬೇಕು. ಗೌದಿಯೋಸೊ ಕುಡಿದಿರಲಿಲ್ಲ. ಬರಿಗೈಲಿ ಬೆಂಕಿ ಬಡಿದು ಆರಿಸೋಕೆ ನೋಡಿದೋನು ಅವನೊಬ್ಬನೇ. ಅವನ ಅಂಗೈ ಚರ್ಮ ಸುಲಿದು ನೇತಾಡ್ತಿತ್ತು. ಆದ್ರೂ ಅವಳು ಉಳೀಲಿಲ್ಲ. ಸೆರಗು ಯಾರು ಹಿಡಿದಿದ್ರು ಅಂತ ಕೊತ್ವಾಲ ಕೇಳಿದ. ನಾನು ಅವನ ಕಡೆ ಬೆರಳು ತೋರಿಸಿದೆ... ಬಾಯಲ್ಲಿ ನಿಂಬೆ ಹುಳಿ ಇನ್ನೂ ಹಾಗೇ ಇತ್ತು.

ಆ ಹಾಳೆ ಹರಿದುಹಾಕು. ಹೊಸದು ತಗೋ. 'ನಾನು ಅಲ್ಲಿರಲಿಲ್ಲ'... ಮೊದಲು ಅದನ್ನ ಬರಿ, ಮಗಳೇ.