ಐವತ್ತರ ಎಣ್ಣೆ

ಸುವಾ ಪಟ್ಟಣದ ಬಸ್ ನಿಲ್ದಾಣದ ಸಾಲಿನಲ್ಲಿ ನಿಂತೇ ಮೆರೆಯಾನಿ ಹೊಸ ಸೀಸೆ ತೆರೆದು, ಮಲ್ಲಿಗೆ ಹಾಕಿದ ತೆಂಗಿನೆಣ್ಣೆಯನ್ನು ಕೈಗೆ ತಿಕ್ಕಿಕೊಳ್ಳುತ್ತಿದ್ದಳು. ಹಿಂದಿದ್ದ ಅತ್ತಿಗೆ ವಾಸಿತಿ ಮೂಗರಳಿಸಿದಳು.

"ಏನೇ, ಮದುವಣಗಿತ್ತಿ ಹಾಗೆ ಘಮಘಮ!"

"ಐವತ್ತು ತುಂಬ್ತಲ್ಲ ಅತ್ತಿಗೆ. ನಂಗೆ ಅಂತ ನಾನೇ ತಗೊಂಡೆ."

"ಚೆನ್ನಾಗಿದೆ. ನಂಗೆ ಕೊಡು."

ನೆಂಟರು ಕೇಳಿದ್ದಕ್ಕೆ ಇಲ್ಲವೆಂದವರು ಈ ದ್ವೀಪದಲ್ಲಿ ಯಾರೂ ಇಲ್ಲ. ಸಾಲೆಲ್ಲ ಕಿವಿಗೊಟ್ಟಿತು.

"ಚಾಪೆ ಕೇಳಿದ್ರಿ, ಕೊಟ್ಟೆ. ಹೊಸ ಲಂಗ ಕೇಳಿದ್ರಿ, ಒಂದ್ಸಲವೂ ಉಡದೆ ಕೊಟ್ಟೆ."

"ಅದಕ್ಕೇ ಊರೆಲ್ಲ ನಿನ್ನ ಹೊಗಳೋದು."

"ಹೊಗಳೋರು ನನ್ನ ಮೊಣಕೈ ನೋಡಿದಾರಾ? ಒಣಗಿ ಕರಟದ ಹಾಗಾಗಿದೆ."

ವಾಸಿತಿ ಕೈಯಲ್ಲಿದ್ದ, ದಾರಕ್ಕೆ ಪೋಣಿಸಿದ ಮೀನು ಎತ್ತಿ ಹಿಡಿದಳು. "ಪುಕ್ಕಟೆ ಬೇಡಮ್ಮ. ಈ ಮೀನು ತಗೋ, ರಾತ್ರಿ ಅಡುಗೆ ಆಗತ್ತೆ."

ಮೆರೆಯಾನಿ ಸೀಸೆಯ ಮುಚ್ಚಳ ಬಿಗಿದು, ತಲೆಯೆತ್ತಿ, ಬಂದು ನಿಂತ ಬಸ್ಸಿನ ಮೆಟ್ಟಿಲು ಹತ್ತಿದಳು.

"ಬೇಡ. ಮೀನು ನೀವೇ ತಿನ್ನಿ ಅತ್ತಿಗೆ. ಎಣ್ಣೆ ನಂದು."