ಚೌಕ ಚೌಕ ಗುಡ್ಡ

ಕುಷ್ಟಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಪಾಳಿಗಾಗಿ ಕಾಯುತ್ತಿದ್ದೆ. ಎದುರಿನ ಗೋಡೆಯ ಮೇಲೆ ಒಂದು ಬಣ್ಣದ ಚಿತ್ರವಿತ್ತು: ಚೌಕ, ತ್ರಿಕೋನಗಳಾಗಿ ಒಡೆದು ಮತ್ತೆ ಜೋಡಿಸಿದಂಥ ಗುಡ್ಡ. ನನ್ನ ಪಕ್ಕದಲ್ಲಿ ಕೆಮ್ಮುತ್ತಿದ್ದ ಒಬ್ಬ ಮುದುಕ, ಅವನ ಸೊಸೆ.

“ಮಾವ, ಇದು ನಿಮ್ಮ ಮಗ ಬರದಿದ್ದಲ್ಲೇನ್ರಿ?”

“ಹೌದವಾ. ದುರಗೇಶ ಬರದ ನಮ್ಮೂರ ಗುಡ್ಡ.”

“ಕೆಳಗ ‘ನಮ್ಮ ಕಲ್ಲು ಕ್ವಾರಿ’ ಅಂತ ಬರಸ್ಯಾರಲ್ರಿ.”

“ಕ್ವಾರಿ ಮಾಲಕಗ ನಾನ ಕೊಟ್ಟಿದ್ದೆ. ತನ್ನ ಕ್ವಾರೀನ ಬರದಾರ ಅಂತ ತಿಳಕೊಂಡು ಇಲ್ಲಿಗೆ ದಾನ ಮಾಡ್ಯಾನ.”

“ಇವರು ಬರದಾಗ ಕ್ವಾರಿ ಎಲ್ಲಿತ್ರಿ? ಗುಡ್ಡ ಇಡೀ ಇತ್ತು.”

“ಇತ್ತು.”

“ನೀವ ಬೈದಿದ್ರಿ, ಗುಡ್ಡಾನ ಯಾರರ ಹಿಂಗ ಚೌಕ ಚೌಕ ಕಡೀತಾರೇನು ಅಂತ. ಅವತ್ತಿಂದ ಅವರು ಬಣ್ಣ ಮುಟ್ಟಿಲ್ಲ.”

ಮುದುಕ ಚಿತ್ರವನ್ನೇ ನೋಡುತ್ತಿದ್ದ. ಮತ್ತೆ ಕೆಮ್ಮು ಬಂತು; ಸೊಸೆ ಅವನ ಬೆನ್ನು ಸವರಲಿಲ್ಲ.

“ಬೈದಿದ್ದೆ. ಆಮ್ಯಾಲ ಕಡ್ಯಾಕ ಕೂಲಿಗೆ ನಾನ ಹೋದೆ.”

“ಹೋದ್ರಿ.”

“ಹಿಂಗ ಕಡದೀವಿ ನೋಡವಾ. ಚೌಕ ಚೌಕ. ಒಂದು ಗೆರಿ ತಪ್ಪಿಲ್ಲ.”

ಒಳಗಿನಿಂದ ನರ್ಸ್ ಕೂಗಿದಳು.

“ಕ್ವಾರಿ ಓಬಳೆಪ್ಪ ಯಾರ್ರಿ?”

“ನಾನ್ರಿ,” ಎನ್ನುತ್ತ ಮುದುಕ ಎದ್ದ.